ಬಸವನಗುಡಿಯ ಬ್ರೆಡ್ಡಿಗೆ ಎಲ್ಲಿಯ ಗೋಧಿ?

ವಿಶ್ವೇಶ್ವರಪುರದ ವಿ.ಬಿ. ಬೇಕರಿ 1953ರದ್ದು. ಅದಕ್ಕೂ ಹಿಂದೆ, 1898ರಲ್ಲಿ, ಚಿಕ್ಕಪೇಟೆ ಕಡೆ ಶುರುವಾದ ಬಿ.ಬಿ. ಬೇಕರಿಯಿಂದ ಅಯ್ಯಂಗಾರ್ ಬೇಕರಿಗಳ ಕಥೆಯನ್ನು ಆರಂಭಿಸುವುದು ವಾಡಿಕೆ. ಹಾಸನದ ಕಡೆಯಿಂದ ಬಂದ ಕುಟುಂಬಗಳು ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಮಡಿವಂತರ ಮನೆಗೂ ಮೊಟ್ಟೆ ಸೋಂಕದ ಬ್ರೆಡ್ಡು, ಖಾರಾ ಬನ್ನು, ಬೆಣ್ಣೆ ಬಿಸ್ಕತ್ತನ್ನು ದಾಟಿಸಿದವು. ಈ ಬಡಾವಣೆಗಳ ಗಿರಾಕಿ ಸುಲಭದ ಆಸಾಮಿಯಲ್ಲ. ಕಾಫಿಪುಡಿ ಅಂಗಡಿಯಲ್ಲಿ ಪ್ಲಾಂಟೇಷನ್ ಎಷ್ಟು, ಪೀಬರಿ ಎಷ್ಟು, ಚಿಕೋರಿ ಎಷ್ಟು ಎಂದು ಲೆಕ್ಕ ಹೇಳಿ ಎದುರಿಗೇ ಬೀಸಿಸಿಕೊಳ್ಳುತ್ತಾನೆ. ಅಕ್ಕಿ ಸೋನಾ ಮಸೂರಿಯೇ ಆಗಬೇಕು, ಅದೂ ಹಳೆಯದೇ ಆಗಬೇಕು ಎನ್ನುತ್ತಾನೆ. ಉಪ್ಪಿಟ್ಟಿಗೆ ಬನ್ಸಿ ರವೆ, ಚಿರೋಟಿಗೆ ಚಿರೋಟಿ ರವೆ. ಆದರೆ ದಿನಾ ಬೆಳಿಗ್ಗೆ ತಿನ್ನುವ ಬ್ರೆಡ್ಡು ಯಾವ ತಳಿಯ ಗೋಧಿಯದ್ದು ಎಂದು ಕೇಳಿದವರಿಲ್ಲ. ಕೇಳಿದ್ದರೂ ಬೇಕರಿಯವರ ಬಳಿ ಉತ್ತರವಿರುತ್ತಿರಲಿಲ್ಲ, ಮೈದಾ ಕೊಟ್ಟ ಗಿರಣಿಯವರ ಬಳಿಯೂ ಬಹುಮಟ್ಟಿಗೆ ಇಲ್ಲ. ಒಂದು ಲೋಡು ಮೈದಾ ಚೆನ್ನಾಗಿ ಉಬ್ಬುತ್ತದೆ, ಮುಂದಿನ ಲೋಡು ಜೋಲುತ್ತದೆ. ಬೇಕರಿಯ ಕೆಲಸಗಾರ ನೀರು, ಈಸ್ಟು, ನಾದುವ ಹೊತ್ತು ಹೆಚ್ಚುಕಡಿಮೆ ಮಾಡಿ ಸಂಭಾಳಿಸುತ್ತಾನೆ. ನಂಬಬಹುದಾದ ಬ್ರೆಡ್ ಗೋಧಿ ನಮಗೆ ಸಿಗದಿರುವುದಕ್ಕೆ ತಳಿ ವಿಜ್ಞಾನಿಗಳ ಕೊರತೆ ಕಾರಣವಲ್ಲ. ಹವಾಮಾನವೂ ಅರ್ಧ ಕಾರಣ ಮಾತ್ರ. ತಳಿಯ ಗುರುತನ್ನು ಹೊಲದಿಂದ ಗಿರಣಿಯವರೆಗೆ ಕಾಪಾಡುವುದಕ್ಕೆ ಯಾರೂ ದುಡ್ಡು ಕೊಡುತ್ತಿಲ್ಲ ಎಂಬುದೇ ದೊಡ್ಡ ಕಾರಣ ಎಂಬುದು ಈ ಲೇಖನದ ವಾದ.

ಬ್ರೆಡ್ಡು ಗೋಧಿಯಿಂದ ಬೇಡುವುದೇನು ಎಂಬುದನ್ನು ಮೊದಲು ನೋಡಬೇಕು. ಹಿಟ್ಟಿಗೆ ನೀರು ಬಿದ್ದು ನಾದಿದಾಗ ಗ್ಲಯಾಡಿನ್, ಗ್ಲುಟೆನಿನ್ ಎಂಬ ಎರಡು ಬಗೆಯ ಪ್ರೋಟೀನುಗಳು ಹೆಣೆದುಕೊಂಡು ಗ್ಲುಟೆನ್ ಆಗುತ್ತವೆ. ಗ್ಲಯಾಡಿನ್ ಕಣಕವನ್ನು ಹಿಗ್ಗಗೊಡುತ್ತದೆ, ಗ್ಲುಟೆನಿನ್ ಅದನ್ನು ಹಿಡಿದು ನಿಲ್ಲಿಸುತ್ತದೆ. ಈಸ್ಟು ಬಿಡುವ ಅನಿಲ ಆಚೆ ಹೋಗದಂತೆ ತಡೆಯುವುದು ಈ ಜಾಲವೇ. ಬ್ರೆಡ್ಡಿಗೆ ಸಾಮಾನ್ಯವಾಗಿ ಶೇ 11ರಿಂದ 13ರಷ್ಟು ಪ್ರೋಟೀನು ಬೇಕು, ಬಿಸ್ಕತ್ತಿಗೆ 8ರಿಂದ 10 ಸಾಕು. ಆದರೆ ಪ್ರಮಾಣವೊಂದನ್ನೇ ನೋಡಿದರೆ ಮೋಸ ಹೋಗುತ್ತೇವೆ, ಗುಣವನ್ನೂ ನೋಡಬೇಕು. ಬ್ರೆಡ್ ಗೋಧಿಯಲ್ಲಿ ಎ, ಬಿ, ಡಿ ಎಂಬ ಮೂರು ಜೀನೋಮುಗಳಿವೆ, 42 ಕ್ರೋಮೋಸೋಮುಗಳು. ಕಣಕಕ್ಕೆ ಬಿಗಿ ಕೊಡುವ ಗ್ಲುಟೆನಿನ್ನಿನ ಮುಖ್ಯ ಜೀನುಗಳು ಡಿ ಜೀನೋಮಿನಲ್ಲಿವೆ. ತಳಿ ವಿಜ್ಞಾನಿಗಳು 5+10 ಎಂದು ಕರೆಯುವ ಜೋಡಿ ಇದ್ದರೆ ಹಿಟ್ಟು ಗಟ್ಟಿ, 2+12 ಇದ್ದರೆ ಸಡಿಲ. ಬನ್ಸಿ ರವೆಯ ಡ್ಯೂರಮ್ ಗೋಧಿಗೂ ಉತ್ತರ ಕರ್ನಾಟಕದ ಜವೆಗೋಧಿಗೂ 28 ಕ್ರೋಮೋಸೋಮು ಮಾತ್ರ, ಡಿ ಜೀನೋಮೇ ಇಲ್ಲ. ಅವುಗಳಲ್ಲಿ ಪ್ರೋಟೀನು ಹೇರಳವಾಗಿದ್ದರೂ ಬ್ರೆಡ್ಡು ಅಷ್ಟು ಚೆನ್ನಾಗಿ ಏಳುವುದಿಲ್ಲ. ಈ ಮೂರೂ ಬಗೆಯ ಗೋಧಿಯನ್ನು ಬೆಳೆಯುವ ಕೆಲವೇ ರಾಜ್ಯಗಳಲ್ಲಿ ಕರ್ನಾಟಕ ಒಂದು. ಹೆಮ್ಮೆಯ ಮಾತು ನಿಜ, ಆದರೆ ಗಿರಣಿಯವನ ಕಣ್ಣಿಗೆ ಇದೊಂದು ತಲೆನೋವು: ನಮ್ಮ ಅಷ್ಟಿಷ್ಟು ಗೋಧಿಯಲ್ಲೂ ಒಂದು ಪಾಲು ಬ್ರೆಡ್ಡಿಗೆ ಹುಟ್ಟಿದ್ದೇ ಅಲ್ಲ.

ಇನ್ನು ಹವಾಮಾನ. ಯೂರೋಪು, ಅಮೆರಿಕಗಳಲ್ಲಿ ಚಳಿಗಾಲದ ಗೋಧಿ ಎಂದರೆ ಶರತ್ಕಾಲದಲ್ಲಿ ಬಿತ್ತಿ, ಹಿಮದಡಿ ಕಳೆದು, ಮುಂದಿನ ಬೇಸಿಗೆಯಲ್ಲಿ ಕೊಯ್ಯುವ ಬೆಳೆ. ಶೂನ್ಯಕ್ಕೆ ಹತ್ತಿರದ ಚಳಿಯನ್ನು ವಾರಗಟ್ಟಲೆ ಉಂಡ ಮೇಲೆಯೇ ಅದು ತೆನೆ ಬಿಡುತ್ತದೆ. ಬೆಂಗಳೂರಿನಲ್ಲಿ ಜನವರಿಯ ರಾತ್ರಿಗಳೂ ಸರಾಸರಿ 15 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತವೆ, ಧಾರವಾಡವೂ ಅದಕ್ಕಿಂತ ಬಹಳ ತಣ್ಣಗಿನ ಊರಲ್ಲ. ಅಂಥ ಗೋಧಿಯನ್ನು ಇಲ್ಲಿ ಬಿತ್ತಿದರೆ ಹುಲ್ಲಿನ ಹಾಗೆ ಬೆಳೆದು ನಿಲ್ಲುತ್ತದೆ, ತೆನೆ ಬಿಡುವುದಿಲ್ಲ. ನಾವು ಹಿಂಗಾರಿನಲ್ಲಿ ಬೆಳೆಯುವುದೆಲ್ಲ ಚಳಿಯ ಹಂಗಿಲ್ಲದ ತಳಿಗಳೇ. ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗದ ಎರೆಭೂಮಿಯಲ್ಲಿ ಮಳೆಯಾಶ್ರಿತ ಗೋಧಿ ಅಕ್ಟೋಬರಿನಲ್ಲಿ, ನೀರಾವರಿಯದು ನವೆಂಬರಿನಲ್ಲಿ ಬಿತ್ತನೆಯಾಗಿ 100-110 ದಿನಗಳಲ್ಲಿ ಕಟಾವಿಗೆ ಬರುತ್ತದೆ. ಬ್ರಿಟನ್ನಿನ ಗೋಧಿ ಹೊಲದಲ್ಲಿರುವುದು ಸುಮಾರು ಹತ್ತು ತಿಂಗಳು. ಕಾಳು ಹಾಲುಗಟ್ಟುವ ಹೊತ್ತಿಗೆ ನಮ್ಮಲ್ಲಿ ಬಿಸಿಲು 30 ಡಿಗ್ರಿ ದಾಟಿರುತ್ತದೆ. ಆಗ ಪಿಷ್ಟ ತುಂಬುವ ಅವಧಿ ಮೊಟಕಾಗುತ್ತದೆ, ಕಾಳು ಸಣ್ಣದಾಗುತ್ತದೆ. ಪ್ರೋಟೀನಿನ ಶೇಕಡಾ ಪ್ರಮಾಣ ಏರಿದಂತೆ ಕಂಡರೂ ಗ್ಲುಟೆನಿನ್ನಿನ ಹೆಣಿಗೆ ಸಡಿಲವಾಗಬಹುದು. ಒಂದು ವರ್ಷ ಫೆಬ್ರುವರಿ ತಂಪಾಗಿದ್ದು ಮುಂದಿನ ವರ್ಷ ಸುಟ್ಟರೆ ಅದೇ ಹೊಲದ ಅದೇ ತಳಿಯ ಹಿಟ್ಟೂ ಬೇರೆಯಾಗುತ್ತದೆ. ಹಾಗೆಂದು ನಮ್ಮ ಹವೆ ಕೊಟ್ಟ ವರವನ್ನು ಮರೆಯಬಾರದು. ಕೊಯ್ಲಿನ ಹೊತ್ತಿಗೆ ಮಳೆ ಬಂದು ಕಾಳು ತೆನೆಯಲ್ಲೇ ಮೊಳೆತು ಹಿಟ್ಟು ಅಂಟಾಗುವುದು ಬ್ರಿಟಿಷ್ ರೈತನ ದೊಡ್ಡ ಹೆದರಿಕೆ. ಫೆಬ್ರುವರಿ-ಮಾರ್ಚಿನ ನಮ್ಮ ಒಣ ಬಿಸಿಲಲ್ಲಿ ಆ ಭಯ ಕಡಿಮೆ. ಎಷ್ಟು ಕಡಿಮೆಯೆಂದರೆ, ನಮ್ಮ ಹಿಟ್ಟಿನಲ್ಲಿ ಪಿಷ್ಟ ಒಡೆಯುವ ಕಿಣ್ವವೇ ಸಾಲದೆ ಬೇಕರಿಯವರು ಮಾಲ್ಟನ್ನೋ ಕಿಣ್ವವನ್ನೋ ಹೊರಗಿನಿಂದ ಸೇರಿಸುತ್ತಾರೆ.

ಬಿಸಿಲಿನ ಜೊತೆಗೆ ಭಂಡಾರ ರೋಗ, ಅಂದರೆ ತುಕ್ಕು ರೋಗ. ಬಯಲಿನ ಬೇಸಿಗೆಯಲ್ಲಿ ಬದುಕಲಾರದ ಈ ಶಿಲೀಂಧ್ರ ಗುಡ್ಡಗಾಡುಗಳಲ್ಲಿ ಉಳಿದು ಮತ್ತೆ ಇಳಿದು ಬರುತ್ತದೆ ಎಂದು ಕಳೆದ ಶತಮಾನದ ಮೊದಲರ್ಧದಲ್ಲೇ ಆಗ್ರಾದ ವಿಜ್ಞಾನಿ ಕೆ.ಸಿ. ಮೆಹ್ತಾ ತೋರಿಸಿದ್ದರು. ದಕ್ಷಿಣದಲ್ಲಿ ಅದರ ತವರು ನೀಲಗಿರಿ ಮತ್ತು ಪಳನಿ ಬೆಟ್ಟಗಳು. ಅಲ್ಲಿಂದ ಗಾಳಿಯಲ್ಲಿ ಉತ್ತರಕ್ಕೆ ಹೊರಟ ಬೀಜಕಣಗಳ ದಾರಿಯಲ್ಲೇ ಕರ್ನಾಟಕ ಇದೆ. ಆದ್ದರಿಂದ ಇಲ್ಲಿನ ತಳಿ ಮೊದಲು ರೋಗ ತಡೆಯಬೇಕು, ಆಮೇಲೆ ಬ್ರೆಡ್ಡಿನ ಮಾತು. ಇವೆರಡಕ್ಕೂ ಒಮ್ಮೊಮ್ಮೆ ಜಗಳವೇ ಆಗುತ್ತದೆ. ತುಕ್ಕು ತಡೆಯಲೆಂದು ರೈ ಧಾನ್ಯದ ಒಂದು ಕ್ರೋಮೋಸೋಮ್ ತುಂಡನ್ನು ಗೋಧಿಗೆ ತಂದ ತಳಿಗಳು ಜಗತ್ತಿನಾದ್ಯಂತ ಹರಡಿದವು. 1995ರಲ್ಲಿ ಬಿಡುಗಡೆಯಾಗಿ ಉತ್ತರ ಭಾರತವನ್ನು ಆವರಿಸಿದ ಪಿಬಿಡಬ್ಲ್ಯು 343 ಅಂಥದ್ದೇ. ರೋಗ ತಡೆಯಿತು, ಇಳುವರಿ ಕೊಟ್ಟಿತು. ಆದರೆ ಆ ರೈ ತುಂಡಿಗೆ ಕಣಕವನ್ನು ಜಿಗುಟು ಮಾಡಿ ಬಲ ಕುಗ್ಗಿಸುವ ಗುಣವೂ ಇದೆ. ಹಸಿವು ನೀಗಿಸಲು ಹೊರಟಿದ್ದ ದೇಶ ಆಗ ಇಳುವರಿಯನ್ನೇ ಆರಿಸಿಕೊಂಡದ್ದು ಸರಿಯೇ. ಅಲ್ಲದೆ ಭಾರತದ ಗೋಧಿಯ ಪರೀಕ್ಷೆ ಹೆಚ್ಚಾಗಿ ನಡೆಯುವುದು ಕಾವಲಿಯ ಮೇಲೆ. ಸಿ 306 ಎಂಬ ಹಳೆಯ ತಳಿ ಇಂದಿಗೂ ಚಪಾತಿಯ ಮಾನದಂಡ. ಚಪಾತಿಗೆ ಬೇಕಾದದ್ದು ಹದವಾದ, ಹಿಂದಕ್ಕೆ ಜಗ್ಗದ ಹಿಟ್ಟು. ಬ್ರೆಡ್ಡಿಗೆ ಬೇಕಾದದ್ದು ಜಗ್ಗಿ ನಿಲ್ಲುವ ಹಿಟ್ಟು.

ಇಷ್ಟೆಲ್ಲ ಅಡ್ಡಿಗಳಿದ್ದರೂ ತಳಿಗಳಿಲ್ಲ ಎನ್ನುವಂತಿಲ್ಲ. ಧಾರವಾಡದ ಗೋಧಿ ವಿಜ್ಞಾನಿಗಳು ಕೊಟ್ಟ ಡಿಡಬ್ಲ್ಯುಆರ್ 162 ಬಹುಕಾಲ ರೈತರ ಹೊಲದಲ್ಲಿತ್ತು. ಆಮೇಲೆ ಅಲ್ಲಿನ ಕೃಷಿ ವಿಶ್ವವಿದ್ಯಾಲಯದಿಂದ ಯುಎಎಸ್ 304 ಬಂತು. ಪುಣೆಯ ಅಘರ್ಕರ್ ಸಂಶೋಧನಾ ಸಂಸ್ಥೆ ನಮ್ಮ ದಕ್ಷಿಣ ವಲಯಕ್ಕೆಂದೇ ಎಂಎಸಿಎಸ್ 6222, ಎಂಎಸಿಎಸ್ 6478 ತಳಿಗಳನ್ನು ಕೊಟ್ಟಿದೆ. ಎರಡನೆಯದು 110 ದಿನಗಳಲ್ಲಿ ಬರುವ, ತುಕ್ಕು ತಡೆಯುವ ತಳಿ. ನೀರಾವರಿಯಲ್ಲಿ ಹೆಕ್ಟೇರಿಗೆ 45ರಿಂದ 60 ಕ್ವಿಂಟಲ್ ಇಳುವರಿ, ಪ್ರೋಟೀನು ಸುಮಾರು ಶೇ 14. ಹಿಟ್ಟಿನ ಬಲ ಅಳೆಯುವ ಯಂತ್ರಗಳೂ ತಜ್ಞರೂ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿದ್ದಾರೆ, ಗಿರಣಿ ತಂತ್ರಜ್ಞಾನ ಕಲಿಸುವ ಶಾಲೆಯೇ ಅಲ್ಲಿದೆ. ಆದರೆ ತಳಿ ಕೊಡುವುದು ಸಾಧ್ಯತೆಯನ್ನು ಮಾತ್ರ. ಹೊಲದಲ್ಲಿ ಸಾರಜನಕ ಸಾಲದಿದ್ದರೆ ಶೇ 14ರ ತಳಿ 10ಕ್ಕೆ ಇಳಿಯುತ್ತದೆ. ಇಳುವರಿ ಹೆಚ್ಚಿದಷ್ಟೂ ಅದೇ ಸಾರಜನಕ ಹೆಚ್ಚು ಕಾಳುಗಳಿಗೆ ಹಂಚಿಹೋಗಿ ಪ್ರೋಟೀನು ತೆಳುವಾಗುತ್ತದೆ. ಹೂಬಿಡುವ ಹೊತ್ತಿಗೆ ಇನ್ನೊಂದು ಕಂತು ಯೂರಿಯಾ ಕೊಟ್ಟರೆ ಪ್ರೋಟೀನು ಏರುತ್ತದೆ, ಇಳುವರಿ ಅಷ್ಟಾಗಿ ಏರುವುದಿಲ್ಲ. ಗೊಬ್ಬರದ ಖರ್ಚು, ಆಳಿನ ಕೂಲಿ ಎರಡೂ ರೈತನದು, ಲಾಭ ಗಿರಣಿಯವನದು. ರೈತ ಯಾಕೆ ಹಾಕಬೇಕು?

ಹಾಕದಿರುವುದೇ ಜಾಣತನ ಎಂದು ನಮ್ಮ ಮಾರುಕಟ್ಟೆ ಅವನಿಗೆ ವರ್ಷ ವರ್ಷವೂ ಕಲಿಸುತ್ತದೆ. 2025-26ರ ಹಿಂಗಾರು ಮಾರಾಟ ಋತುವಿಗೆ ಗೋಧಿಯ ಬೆಂಬಲ ಬೆಲೆ ಕ್ವಿಂಟಲಿಗೆ 2,425 ರೂಪಾಯಿ ಇತ್ತು. ಪ್ರೋಟೀನು 9 ಇದ್ದರೂ ಅದೇ, 14 ಇದ್ದರೂ ಅದೇ. ಖರೀದಿ ಕೇಂದ್ರದಲ್ಲಿ ನೋಡುವುದು ತೇವ, ಕಸಕಡ್ಡಿ, ಜೊಳ್ಳು, ಮುರಿದ ಕಾಳು. ಗ್ಲುಟೆನ್ ಕಣ್ಣಿಗೆ ಕಾಣುವ ವಸ್ತುವಲ್ಲ. ನೂರಾರು ಹೊಲಗಳ ಹತ್ತಾರು ತಳಿಗಳು ಅಲ್ಲಿ ಒಂದೇ ರಾಶಿಯಾಗುತ್ತವೆ. ಬೆಂಗಳೂರಿನ ಗಿರಣಿಗಳಿಗೆ ಬರುವುದು ಬಹುಪಾಲು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಮಂಡಿ ಗೋಧಿ, ಇಲ್ಲವೇ ಆಹಾರ ನಿಗಮ ಮುಕ್ತ ಮಾರುಕಟ್ಟೆಗೆ ಬಿಡುವ ದಾಸ್ತಾನು. ಬಂದರು ಹತ್ತಿರವಿರುವ ದಕ್ಷಿಣದ ಗಿರಣಿಗಳು ಆಮದು ಸುಂಕ ಇಲ್ಲದಿದ್ದ 2016-17ರಂಥ ಹೊತ್ತಿನಲ್ಲಿ ಆಸ್ಟ್ರೇಲಿಯಾದ ಗೋಧಿ ತರಿಸಿದ್ದವು. 2019ರಲ್ಲಿ ಸುಂಕ ಶೇ 40 ಆದ ಮೇಲೆ ಆ ಬಾಗಿಲೂ ಮುಚ್ಚಿತು. ಏನೇ ಬಂದರೂ ಬ್ರೆಡ್ಡು ಏಳಲೇಬೇಕಲ್ಲ, ಅದಕ್ಕೆ ಊರುಗೋಲು ಬೇಕಾಯಿತು. ದೆಹಲಿಯ ಬ್ರೆಡ್ಡುಗಳಲ್ಲಿ, ಹಿಟ್ಟಿಗೆ ಬಲ ಕೊಡುವ ಪೊಟ್ಯಾಸಿಯಮ್ ಬ್ರೋಮೇಟ್ ಬಳಕೆ ಎಷ್ಟು ವ್ಯಾಪಕವಾಗಿತ್ತು ಎಂಬುದನ್ನು 2016ರ ಮೇ ತಿಂಗಳಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಬಯಲಿಗೆಳೆಯಿತು. ಕ್ಯಾನ್ಸರಿನ ಶಂಕೆಯಿದ್ದ ಆ ರಾಸಾಯನಿಕವನ್ನು ಮರುತಿಂಗಳೇ ಆಹಾರ ಸುರಕ್ಷತಾ ಪ್ರಾಧಿಕಾರ ಅನುಮತಿಯ ಪಟ್ಟಿಯಿಂದ ತೆಗೆದುಹಾಕಿತು. ಆಗ ಎಲ್ಲರೂ ಬೇಕರಿಗಳನ್ನು ಬೈದರು. ಗೊತ್ತುಗುರಿಯಿಲ್ಲದ ಹಿಟ್ಟಿನಿಂದ ದಿನಾ ಒಂದೇ ಥರದ ಬ್ರೆಡ್ಡು ಕೇಳುವ ನಮ್ಮ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಬೇರೆಯವರು ಇದನ್ನು ಹೇಗೆ ಬಿಡಿಸಿಕೊಂಡರು? ಬ್ರಿಟನ್ನಿನ ಉದಾಹರಣೆ ನೋಡಬಹುದು, ಏಕೆಂದರೆ ಅಲ್ಲಿನ ಗೋಧಿಯೂ ಸ್ವಭಾವತಃ ಬ್ರೆಡ್ಡಿಗೆ ದುರ್ಬಲ. ಬಹುಕಾಲ ಅವರು ಕೆನಡಾದ ಗಟ್ಟಿ ಗೋಧಿಯನ್ನೇ ನೆಚ್ಚಿದ್ದರು. 1961ರಲ್ಲಿ ಚೋರ್ಲಿವುಡ್ ಎಂಬಲ್ಲಿ ರೂಪುಗೊಂಡ ವೇಗದ ನಾದುವಿಕೆಯ ವಿಧಾನ ಕಡಿಮೆ ಪ್ರೋಟೀನಿನ ದೇಶೀ ಗೋಧಿಗೂ ಜಾಗ ಮಾಡಿತು. ಆಮೇಲೆ ತಳಿಗಳ ಸರದಿ. 1991ರಲ್ಲಿ ಶಿಫಾರಸು ಪಟ್ಟಿ ಸೇರಿದ ಹೆರೆವರ್ಡ್ ಎಂಬ ಚಳಿಗಾಲದ ಗೋಧಿ ಇಳುವರಿಯಲ್ಲಿ ಪಶು ಆಹಾರದ ಗೋಧಿಗಳಿಗಿಂತ ಹಿಂದಿತ್ತು. ಲೆಕ್ಕಾಚಾರದ ಪ್ರಕಾರ ಅದು ಕೆಲವೇ ವರ್ಷಗಳಲ್ಲಿ ಮಾಯವಾಗಬೇಕಿತ್ತು. ಮುಂದಿನ ಶತಮಾನಕ್ಕೂ ಅದು ಉಳಿದದ್ದು, ಗಿರಣಿಗಳು ಹೆಸರು ಹಿಡಿದು ಕೇಳಿ ಹೆಚ್ಚಿನ ಬೆಲೆ ಕೊಟ್ಟದ್ದರಿಂದ. ಅಲ್ಲಿ ಬ್ರೆಡ್ ಗೋಧಿಯ ಕರಾರು ಚುಟುಕಾದದ್ದು: ಪ್ರೋಟೀನು ಶೇ 13, ಕಿಣ್ವ ಮಿತಿಯಲ್ಲಿದೆ ಎಂದು ತೋರಿಸುವ ಅಳತೆ 250, ಹೆಕ್ಟೋಲೀಟರಿನ ತೂಕ 76 ಕಿಲೋ. ದಾಟಿದರೆ ಹೆಚ್ಚುವರಿ ಬೆಲೆ, ತಪ್ಪಿದರೆ ಕಡಿತ. ಬಿತ್ತುವ ಮೊದಲೇ ರೈತನಿಗೆ ಇದು ಗೊತ್ತು. ವಾರ್‌ಬರ್ಟನ್ಸ್ ಎಂಬ ಬೇಕರಿ ಕಂಪನಿಯಂತೂ ಕೆನಡಾದ ರೈತರ ಜೊತೆ ತಳಿಯನ್ನೇ ನಿಗದಿ ಮಾಡಿ, ಸಾಗರ ದಾಟುವವರೆಗೂ ಆ ಗೋಧಿಯನ್ನು ಬೇರೆ ಗೋಧಿಯೊಂದಿಗೆ ಬೆರೆಯಗೊಡದೆ ತರಿಸಿಕೊಂಡಿದೆ.

ಅದೆಲ್ಲ ಶ್ರೀಮಂತ ದೇಶಗಳ ಕಥೆ, ಇಲ್ಲಿ ನಡೆಯದು ಎನ್ನಬಹುದು. ನಡೆಯುತ್ತಿದೆ, ಅದೂ ನಮ್ಮ ಕಣ್ಣೆದುರಿಗೇ. ಹುಗ್ಗಿಗೆ, ಶಾವಿಗೆಗೆ ಬೇಕಾದ ಜವೆಗೋಧಿ ಉತ್ತರ ಕರ್ನಾಟಕದ ಸಂತೆಯಲ್ಲಿ ಎಂದೂ ಸಾಮಾನ್ಯ ಗೋಧಿಯ ರಾಶಿಗೆ ಬೆರೆತಿಲ್ಲ. ಹೊಟ್ಟಿನೊಳಗಿನ ಅದರ ಕಾಳು ನೋಡಿದೊಡನೆ ಗುರುತಾಗುತ್ತದೆ, ಕೊಳ್ಳುವವರು ಅದನ್ನೇ ಕೇಳುತ್ತಾರೆ, ಹೆಚ್ಚು ಕೊಡುತ್ತಾರೆ. ಮಧ್ಯಪ್ರದೇಶದ ಶರಬತಿ ಗೋಧಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಚಪಾತಿ ಪ್ರಿಯರು ಅದಕ್ಕೂ ಮೊದಲೇ ಅದಕ್ಕೆ ಹೆಚ್ಚಿನ ಬೆಲೆ ತೆರುತ್ತಿದ್ದರು. ಅಂದರೆ ಗುರುತು ಉಳಿಸುವ ಕೆಲಸ ಭಾರತದ ಮಂಡಿಗೆ ಅಸಾಧ್ಯವಲ್ಲ. ಬ್ರೆಡ್ ಗೋಧಿಯ ಗುಣ ಮಾತ್ರ ಕಾಳಿನ ಮೈಮೇಲೆ ಬರೆದಿಲ್ಲ, ಅದನ್ನು ಯಂತ್ರವೇ ಹೇಳಬೇಕು. ಕಾಳಿನ ಪ್ರೋಟೀನನ್ನು ಬೆಳಕಿನಿಂದ ಒಂದೆರಡು ನಿಮಿಷದಲ್ಲಿ ಅಳೆಯುವ ಉಪಕರಣ ಈಗ ಹೊಸತೇನಲ್ಲ.

ಆಕ್ಷೇಪಗಳು ಇನ್ನೂ ಇವೆ, ಒಂದೆರಡು ಗಟ್ಟಿಯಾಗಿಯೇ ಇವೆ. ಬೇಕರಿಯವರು ಹೇಳುವ ಮೊದಲ ಮಾತು: ಹಿಟ್ಟು ದುರ್ಬಲವಾದರೆ ಗ್ಲುಟೆನ್ ಪುಡಿ ಸಿಗುತ್ತದೆ, ಕಿಣ್ವಗಳು ಸಿಗುತ್ತವೆ, ತಳಿಯ ಗೊಡವೆ ಯಾಕೆ? ದೊಡ್ಡ ಕಾರ್ಖಾನೆಗೆ ಈ ಮಾತು ಸರಿ. ಪ್ರಯೋಗಾಲಯವಿದ್ದವರು ಪ್ರತಿ ಲೋಡನ್ನೂ ಪರೀಕ್ಷಿಸಿ ಎಷ್ಟು ಕಡಿಮೆಯೋ ಅಷ್ಟನ್ನು ತುಂಬಿಕೊಳ್ಳಬಲ್ಲರು. ಬೀದಿಯ ಬೇಕರಿಗೆ ಆ ಅನುಕೂಲವಿಲ್ಲ. ಅವರು ಅಂದಾಜಿಗೆ ಹಾಕುತ್ತಾರೆ, ಅಂದಾಜು ತಪ್ಪುತ್ತದೆ. ಎರಡನೆಯ ಮಾತು: ಅಯ್ಯಂಗಾರ್ ಬ್ರೆಡ್ಡು ಮೆತ್ತಗಿನ, ತುಸು ಸಿಹಿಯ ಬ್ರೆಡ್ಡು, ಅದಕ್ಕೆ ಕೆನಡಾದ ಬಲ ಬೇಕಿಲ್ಲ. ಇದೂ ಅರ್ಧ ನಿಜ, ಆದರೆ ಮೆತ್ತಗಿರಬೇಕಾದರೂ ಅನಿಲ ಒಳಗೆ ನಿಲ್ಲಬೇಕು. ಬಲ ಎಷ್ಟಿರಲಿ, ಇವತ್ತಿದ್ದಷ್ಟೇ ನಾಳೆಯೂ ಇರಬೇಕು. ಮೈದಾ ಬಿಟ್ಟು ಗೋಧಿಹಿಟ್ಟಿನ ಬ್ರೆಡ್ಡಿಗೆ ಹೊರಳಿರುವ ಗಿರಾಕಿಗಳಿಗಂತೂ ಇನ್ನೂ ಗಟ್ಟಿ ಗೋಧಿ ಬೇಕು, ಏಕೆಂದರೆ ತವುಡಿನ ಚೂರುಗಳು ಗ್ಲುಟೆನ್ ಜಾಲವನ್ನು ಕತ್ತರಿಸುತ್ತವೆ. 

ಮೂರನೆಯ ಆಕ್ಷೇಪ ನೀರಿನದು, ಇದಕ್ಕೆ ಪೂರ್ತಿ ಉತ್ತರವಿಲ್ಲ. ಎರೆಹೊಲದ ಹಸಿಯನ್ನೇ ಕುಡಿದು ಬೆಳೆಯುವ ಮಾಲದಂಡಿ ಜೋಳ, ಕಡಲೆಗಳ ಜಾಗದಲ್ಲಿ ಐದಾರು ನೀರು ಕೇಳುವ ಗೋಧಿಯನ್ನು ಹರಡುವುದು ಅವಿವೇಕ. ಕರ್ನಾಟಕದ ಸರಾಸರಿ ಇಳುವರಿ ಹೆಕ್ಟೇರಿಗೆ ಒಂದು ಟನ್ನಿನ ಆಸುಪಾಸು, ದೇಶದ್ದು ಮೂರೂವರೆ. ಹಾಗಾಗಿ ಗೋಧಿಯ ವಿಸ್ತೀರ್ಣ ಹೆಚ್ಚಿಸಿ ಎಂದು ನಾನು ಹೇಳುತ್ತಿಲ್ಲ. ಮಲಪ್ರಭಾ, ಘಟಪ್ರಭಾ ಅಚ್ಚುಕಟ್ಟಿನಲ್ಲಿ ಈಗಾಗಲೇ ಬೆಳೆಯುತ್ತಿರುವ ಬ್ರೆಡ್ ಗೋಧಿಯ ಒಂದು ಪಾಲನ್ನಾದರೂ ತಳಿ ಹಿಡಿದು ಬೆಳೆಯಿರಿ, ಬೇರೆಯಾಗಿ ಕೂಡಿಡಿ ಎನ್ನುತ್ತಿದ್ದೇನೆ. ಇಡೀ ಬೆಂಗಳೂರಿಗೆ ಅದು ಸಾಲುವುದಿಲ್ಲ ಎಂಬುದೂ ಗೊತ್ತಿರುವುದೇ. ದಿನಕ್ಕೆ 200 ಟನ್ ಅರೆಯುವ ಒಂದು ಗಿರಣಿ ವರ್ಷಕ್ಕೆ 300 ದಿನ ನಡೆದರೆ 60,000 ಟನ್ ನುಂಗುತ್ತದೆ. ರಾಜ್ಯದ ಒಟ್ಟು ಬೆಳೆಯನ್ನು ಎರಡು ಲಕ್ಷ ಟನ್ ಎಂದು ಹಿಡಿದರೂ ಅಂಥ ಮೂರು ಗಿರಣಿಗಳಿಗೇ ಮುಗಿಯಿತು. ಆದರೆ ಲೆಕ್ಕವನ್ನು ಚಿಕ್ಕದು ಮಾಡಿ ನೋಡಿ. ದಿನಕ್ಕೆ 2 ಕ್ವಿಂಟಲ್ ಮೈದಾ ಬಳಸುವ 20 ಬೇಕರಿಗಳು ಒಟ್ಟಾದರೆ ವರ್ಷಕ್ಕೆ ಬೇಕಾಗುವುದು 1,460 ಟನ್ ಮೈದಾ, ಅಂದರೆ ಶೇ 70ರಂತೆ ಸುಮಾರು 2,100 ಟನ್ ಗೋಧಿ. ನೀರಾವರಿಯಲ್ಲಿ ಹೆಕ್ಟೇರಿಗೆ 3 ಟನ್ ಬಂದರೆ 700 ಹೆಕ್ಟೇರು ಸಾಕು. ಕೆಲವು ಹಳ್ಳಿಗಳ ರೈತ ಉತ್ಪಾದಕರ ಕಂಪನಿಯೊಂದು, ಒಂದು ಸಣ್ಣ ಗಿರಣಿ ಮತ್ತು ಮಾತಿಗೆ ನಿಲ್ಲುವ ಇಪ್ಪತ್ತು ಬೇಕರಿಗಳು ಸೇರಿ ಮಾಡಬಹುದಾದ ಕೆಲಸ ಇದು.

ಬೆಲೆ? ರೈತನಿಗೆ ಕ್ವಿಂಟಲಿಗೆ 300 ರೂಪಾಯಿ ಹೆಚ್ಚು ಕೊಟ್ಟು, ಅಷ್ಟನ್ನೂ ತವುಡಿನ ಮೇಲೆ ಹಾಕದೆ ಮೈದಾದ ಮೇಲೆಯೇ ಹೇರಿದರೂ ಕಿಲೋಗೆ 4 ರೂಪಾಯಿ ಚಿಲ್ಲರೆ ಬೀಳುತ್ತದೆ. 400 ಗ್ರಾಂ ಬ್ರೆಡ್ಡಿಗೆ ಸುಮಾರು 270 ಗ್ರಾಂ ಮೈದಾ ಬೇಕು, ಅಂದರೆ ಒಂದು ಬ್ರೆಡ್ಡಿಗೆ 1 ರೂಪಾಯಿ 20 ಪೈಸೆಯ ಆಸುಪಾಸು. ಕೂಡಿಡುವ, ಪರೀಕ್ಷಿಸುವ ಖರ್ಚು ಸೇರಿ 2 ರೂಪಾಯಿ ಆಗಲಿ. ಕಾಫಿಗೆ ಪೀಬರಿ ಕೇಳಿ ಪಡೆಯುವ ಗಾಂಧಿ ಬಜಾರಿನ ಗಿರಾಕಿಗೆ ಇದು ಹೊರೆಯಲ್ಲ. ಆದರೆ ಅವನು ಕೇಳಬೇಕು. ಗಿರಾಕಿ ಕೇಳದೆ ಬೇಕರಿಯವರು ಕೇಳುವುದಿಲ್ಲ, ಬೇಕರಿಯವರು ಕೇಳದೆ ಗಿರಣಿಯವರು ರಾಶಿಗಳನ್ನು ಬೇರೆ ಮಾಡುವುದಿಲ್ಲ. ಸರ್ಕಾರ ಮಾಡಬಹುದಾದದ್ದೂ ಇದೆ, ದೊಡ್ಡದೇನಲ್ಲ: ಬೆಳಗಾವಿ, ಬಾಗಲಕೋಟೆ ಕಡೆಯ ಒಂದೆರಡು ಎಪಿಎಂಸಿಗಳಲ್ಲಿ ಪ್ರೋಟೀನು ಅಳೆಯುವ ಯಂತ್ರವಿಟ್ಟು, ಬಂದ ಅಂಕಿಯನ್ನು ಹರಾಜಿನ ಚೀಟಿಯ ಮೇಲೆ ಬರೆಯುವ ವ್ಯವಸ್ಥೆ ಮಾಡಲಿ. ಮೊದಲ ವರ್ಷ ಬಿಸಿಲು ಹೆಚ್ಚಾಗಿ ಕರಾರು ತಪ್ಪಿದರೆ ಒಪ್ಪಂದವನ್ನೇ ಮುರಿಯುವ ಅವಸರವನ್ನು ಬೇಕರಿಗಳು ಮಾಡಬಾರದು. ತಳಿಯೊಂದನ್ನು ನಂಬಬಹುದೇ ಎಂದು ತಿಳಿಯಲು ಕನಿಷ್ಠ ಮೂರು ಹಿಂಗಾರುಗಳಾದರೂ ಬೇಕು. ನೀರಾವರಿ ಗೋಧಿಯ ಬಿತ್ತನೆ ನವೆಂಬರಿನ ಮೊದಲ ಹದಿನೈದು ದಿನಗಳಲ್ಲೇ ಮುಗಿಯಬೇಕು, ತಡವಾದಷ್ಟೂ ಕಾಳು ಬಿಸಿಲಿಗೆ ಸಿಗುತ್ತದೆ. ಬೀಜ ಹೊಂದಿಸಿಕೊಳ್ಳುವುದಕ್ಕೂ ಸಮಯ ಬೇಕಾದ್ದರಿಂದ ಇಪ್ಪತ್ತು ಬೇಕರಿಗಳ ಸಹಿ ದಸರೆಯ ಒಳಗೇ ಬೀಳಬೇಕು.